ವಿಶ್ವೇಶ್ವರಯ್ಯನವರ ಓದಿನ ದಿನಗಳು

ಸರ್ ಎಂ. ವಿ. ಅವರ ಹೆಸರನ್ನು ಕೇಳದೆ ಬೆಳೆದ ಕನ್ನಡ ಮಗು ಇರಲಾರದು. ನಾಡಿನಿಂದ ದೂರ ಬಂದು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲಸಿರುವ ನಮ್ಮ ಮನೆಗಳ ಮಕ್ಕಳೂ ರಾಜ್ಯೋತ್ಸವದ ವೇದಿಕೆಯಲ್ಲಿ ಸಾಲಾಗಿ ಇಟ್ಟ ಭಾವಚಿತ್ರಗಳ ನಡುವೆ ಆ ಮೈಸೂರು ಪೇಟವನ್ನೂ ಆ ನೇರವಾದ ನೋಟವನ್ನೂ ಕೂಡಲೆ ಗುರುತಿಸುತ್ತಾರೆ. ಕನ್ನಂಬಾಡಿಯ ಕಟ್ಟೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಮೈಸೂರು ವಿಶ್ವವಿದ್ಯಾನಿಲಯ ಎಂದು ಅವರು ಮಾಡಿದ ಕೆಲಸಗಳ ಪಟ್ಟಿಯನ್ನು ಬಾಯಿಪಾಠ ಒಪ್ಪಿಸಬಲ್ಲ ಹುಡುಗರಿಗೂ ನಮ್ಮಲ್ಲಿ ಕೊರತೆಯಿಲ್ಲ.

ಆದರೆ ಆ ಕೆಲಸಗಳಿಗೆಲ್ಲ ಮೊದಲು ಒಂದು ಬಡ ಮನೆ ಇತ್ತು. ಆ ಮನೆಯಲ್ಲಿ ಶಾಲೆಗೆ ಹೋಗುವ ಒಬ್ಬ ಹುಡುಗನಿದ್ದ. ಅವನನ್ನು ಶಾಲೆಗೆ ಕಳುಹಿಸಿದ ಒಬ್ಬ ತಾಯಿಯಿದ್ದಳು. ದೊಡ್ಡವರ ಜೀವನ ಚರಿತ್ರೆಯಲ್ಲಿ ಈ ಭಾಗವನ್ನು ನಾವು ಬೇಗ ಬೇಗ ಓದಿ ದಾಟಿಬಿಡುತ್ತೇವೆ. ಮಕ್ಕಳ ಓದಿನ ಚಿಂತೆಯನ್ನೇ ತಲೆಯ ಮೇಲೆ ಹೊತ್ತು ಬೆಳಗಿನ ಲೋಕಲ್ ಹಿಡಿಯುವ ತಂದೆ ತಾಯಿಗಳು ನಾವು. ನಮಗೆ ನಿಜವಾಗಿ ಬೇಕಾದದ್ದು ಆ ದಾಟಿಬಿಟ್ಟ ಭಾಗವೇ. ಆದ್ದರಿಂದ ಈ ಸಂಚಿಕೆಯಲ್ಲಿ ಅವರ ಓದಿನ ದಿನಗಳನ್ನೇ ಸ್ವಲ್ಪ ನಿಂತು ನೋಡೋಣವೆಂದು ಹೊರಟಿದ್ದೇವೆ.

ಮೊದಲು ಅವರ ಹೆಸರಿನ ಮುಂದಿರುವ ಅಕ್ಷರವನ್ನು ನೋಡೋಣ. ಮೋಕ್ಷಗುಂಡಂ ಎಂಬುದು ಇಂದಿನ ಆಂಧ್ರ ಪ್ರದೇಶಕ್ಕೆ ಸೇರಿದ ಒಂದು ಊರು. ವಿಶ್ವೇಶ್ವರಯ್ಯನವರ ಹಿರಿಯರು ಯಾವುದೋ ಕಾಲದಲ್ಲಿ ಆ ಊರನ್ನು ಬಿಟ್ಟು ಮೈಸೂರು ಸೀಮೆಗೆ ಬಂದು, ನಂದಿಬೆಟ್ಟದ ಸಮೀಪದ ಮುದ್ದೇನಹಳ್ಳಿಯಲ್ಲಿ ನೆಲೆ ನಿಂತರು. ಬಿಟ್ಟು ಬಂದ ಊರು ಹೆಸರಿನ ಮುಂದೆ ಉಳಿಯಿತು. ಮನೆಯ ಮಾತು ತೆಲುಗು. ಬೀದಿಯ ಮತ್ತು ಶಾಲೆಯ ಮಾತು ಕನ್ನಡ. ತಂದೆಯ ವಿದ್ಯೆ ಸಂಸ್ಕೃತ. ಮುಂದೆ ಓದಬೇಕಾದದ್ದು ಇಂಗ್ಲಿಷಿನಲ್ಲಿ. ನಾಲ್ಕು ಭಾಷೆಗಳ ನಡುವೆ ಬೆಳೆದ ಆ ಹುಡುಗನನ್ನು ಕಂಡು ಭಾಷೆ ಹೆಚ್ಚಾಗಿ ಓದು ಕೆಟ್ಟೀತೆಂದು ಯಾರೂ ಹೆದರಿದಂತೆ ಕಾಣುವುದಿಲ್ಲ. ಮನೆಯಲ್ಲಿ ಕನ್ನಡವೋ ತುಳುವೋ ಕೊಂಕಣಿಯೋ, ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷು ಎಂದು ನಮ್ಮ ಮಕ್ಕಳಿಗಾಗಿ ಮರುಗುವವರು ಈ ಮಾತನ್ನು ನೆನಪಿನಲ್ಲಿಡಬಹುದು. ಇನ್ನೂರು ಮುನ್ನೂರು ಮೈಲಿ ದಾಟಿ ಬಂದು ನೆಲಸಿದವರ ಮನೆಯ ಕೂಸು ನೆಲಸಿದ ನಾಡಿಗೇ ಕಿರೀಟವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಅವರ ಜನ್ಮಶತಾಬ್ದಿಯನ್ನು ಅವರು ಬದುಕಿದ್ದಾಗಲೇ, 1960ರಲ್ಲಿ, ದೇಶ ಆಚರಿಸಿತು. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ಇಂದಿಗೂ ಇಂಜಿನಿಯರುಗಳ ದಿನವೆಂದು ನಾವೆಲ್ಲ ಬಲ್ಲೆವು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ಆಯುರ್ವೇದವನ್ನು ಬಲ್ಲವರು. ತಾಯಿ ವೆಂಕಟಲಕ್ಷ್ಮಮ್ಮನವರು ದೈವಭಕ್ತೆ, ಶಿಸ್ತಿನ ಹೆಂಗಸು. ಮನೆಯಲ್ಲಿ ಹಣವಿರಲಿಲ್ಲ, ಆದರೆ ವಿದ್ಯೆಗೆ ಗೌರವವಿತ್ತು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಹಿಡಿದುಕೊಂಡರೇನೇ ಮುಂದಿನ ಕಥೆ ತಿಳಿಯುವುದು. ಇವುಗಳಲ್ಲಿ ಒಂದನ್ನು ಮಾತ್ರ ಎತ್ತಿ ಹೇಳಿದರೆ ಕಥೆ ಅರ್ಧವಾಗುತ್ತದೆ. ಆ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ಹುಡುಗ ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಓದಿದ. ಹೈಸ್ಕೂಲಿನ ಓದು ಮುಗಿಯುವ ಮೊದಲೇ ತಂದೆ ತೀರಿಕೊಂಡರು. ಆ ಕಾಲದಲ್ಲಿ ಅಂಥ ಮನೆಯ ಹಿರಿಯ ತಲೆ ಉರುಳಿತೆಂದರೆ ಮುಂದೇನಾಗುತ್ತಿತ್ತೆಂಬುದು ಎಲ್ಲರಿಗೂ ಗೊತ್ತು. ಓದುವ ಹುಡುಗನ ಓದು ನಿಲ್ಲುತ್ತಿತ್ತು. ಪೌರೋಹಿತ್ಯವೋ, ಶಾನುಭೋಗರ ಕೈಕೆಳಗೆ ಲೆಕ್ಕ ಬರೆಯುವ ಕೆಲಸವೋ, ಕಚೇರಿಯಲ್ಲಿ ಉಮೇದುವಾರಿಯೋ, ಅಂತೂ ನಾಲ್ಕು ಕಾಸು ತರುವ ದಾರಿ ಹಿಡಿಯಬೇಕಾಗುತ್ತಿತ್ತು. ಹಾಗೆ ಮಾಡಿದ ತಾಯಂದಿರನ್ನು ಯಾರೂ ದೂರುವಂತಿರಲಿಲ್ಲ. ಹೊಟ್ಟೆಯ ಪ್ರಶ್ನೆ ಎಲ್ಲಕ್ಕಿಂತ ಮುಂದಿನದು.

ವೆಂಕಟಲಕ್ಷ್ಮಮ್ಮನವರು ಹಾಗೆ ಮಾಡಲಿಲ್ಲ. ಮಗ ಬೆಂಗಳೂರಿಗೆ ಹೋದ. ಅಲ್ಲಿ ಅವನಿಗೆ ಆಸರೆಯಾದವರು ಸೋದರಮಾವ ರಾಮಯ್ಯನವರು. ವೆಸ್ಲಿಯನ್ ಮಿಷನ್ ಹೈಸ್ಕೂಲಿನ ಓದು ಮುಗಿಸಿ ಹುಡುಗ ಸೆಂಟ್ರಲ್ ಕಾಲೇಜಿಗೆ ಸೇರಿದ. ಕಾಲೇಜಿನ ಖರ್ಚಿಗೆ ಮಾವನ ಮೇಲೆಯೇ ಭಾರ ಹಾಕಲು ಅವನು ಒಪ್ಪಲಿಲ್ಲ. ಕೊಡಗಿನವರೊಬ್ಬರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ ಹಿಡಿದ. ಪಾಠ ಹೇಳುವ ಮನೆ ಒಂದು ಕಡೆ, ಊಟ ಮಾಡುವ ಮಾವನ ಮನೆ ಇನ್ನೊಂದು ಕಡೆ, ಕಾಲೇಜು ಮತ್ತೊಂದು ಕಡೆ. ನಡುವೆ ಕಾಲೇ ವಾಹನ. ಬೀದಿ ದೀಪದ ಕೆಳಗೆ ಕುಳಿತು ಓದಿದ ಕಥೆಯನ್ನು ನಮ್ಮ ದೇಶದಲ್ಲಿ ಎಲ್ಲ ದೊಡ್ಡವರಿಗೂ ಅಂಟಿಸುವ ಪದ್ಧತಿ ಉಂಟು. ನಮಗೆ ಆ ದೀಪ ಬೇಡ. ಪಾಠ ಹೇಳಿ ಬಂದ ಹಣದಲ್ಲಿ ಪಾಠ ಕಲಿತನೆಂಬುದೇ ಸಾಕಷ್ಟು ಬೆಳಕು ಕೊಡುವ ಸಂಗತಿ.

ಆ ವರ್ಷಗಳು ಎಂಥವೆಂಬುದನ್ನು ಇಲ್ಲಿ ನೆನೆಯಬೇಕು. 1876ರಿಂದ 1878ರ ವರೆಗೆ ದಕ್ಷಿಣ ದೇಶವನ್ನು ಹಿಂಡಿದ ಮಹಾಕ್ಷಾಮವನ್ನು ನಮ್ಮ ಹಿರಿಯರು ಧಾತು ಈಶ್ವರದ ಬರ ಎಂದು ಹೇಳುತ್ತಿದ್ದರು. ಮೈಸೂರು ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಆ ಬರದಲ್ಲಿ ಅಳಿಯಿತು. ಕೋಲಾರ ಸೀಮೆ ಮೊದಲೇ ಕೆರೆ ಬಾವಿಗಳನ್ನು ನೆಚ್ಚಿದ ಸೀಮೆ. ಮಳೆ ಹೋದರೆ ಅಲ್ಲಿ ಎಲ್ಲವೂ ಹೋದಂತೆ. ಅಂಥ ದಿನಗಳಲ್ಲಿ ಓದಿನಿಂದ ಬರುವ ಲಾಭ ಎಂದೋ ನಾಳೆಯದು, ಹೊಟ್ಟೆಯ ಉರಿ ಇಂದಿನದು. ವಯಸ್ಸಿಗೆ ಬಂದ ಮಗನನ್ನು ಊರಿಗೆ ಕರೆಸಿಕೊಳ್ಳಲು ಒಬ್ಬ ವಿಧವೆ ತಾಯಿಗೆ ಅದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ. ಆದರೂ ಆ ವರ್ಷಗಳಲ್ಲಿ ಹುಡುಗನ ಓದು ನಿಲ್ಲಲಿಲ್ಲ.

ತಾಯಿ ಏನು ಮಾಡಿದರು ಎಂದು ಕೇಳಿದರೆ ಉತ್ತರ ಬಹಳ ಚಿಕ್ಕದು. ಇಂಗ್ಲಿಷು ಗಣಿತಗಳ ಪಾಠ ಹೇಳಿಕೊಟ್ಟವರು ಅವರಲ್ಲ. ಮಗನ ಪಕ್ಕದಲ್ಲಿ ಪುಸ್ತಕ ಹಿಡಿದು ಕುಳಿತವರಲ್ಲ. ದೂರದ ಬೆಂಗಳೂರಿನಲ್ಲಿ ಅವನು ಎಷ್ಟು ಹೊತ್ತಿಗೆ ಎದ್ದ, ಎಷ್ಟು ಹೊತ್ತಿಗೆ ಮಲಗಿದ ಎಂದು ಕಾವಲು ಕಾದವರೂ ಅಲ್ಲ. ಅವರು ಮಗನನ್ನು ಕಳುಹಿಸಿದರು, ಹಿಂದಕ್ಕೆ ಕರೆಯಲಿಲ್ಲ. ಇಷ್ಟೇ. ಆದರೆ ಈ ಇಷ್ಟು ಎಷ್ಟು ದೊಡ್ಡದೆಂಬುದನ್ನು ಊರು ಬಿಟ್ಟು ಬಂದ ನಾವು ಬಲ್ಲೆವು. ನಮ್ಮಲ್ಲಿ ಅನೇಕರ ತಾಯಂದಿರು ಊರಿನ ಬಸ್ಸು ನಿಲ್ಲುವಲ್ಲಿ ಸೆರಗಿನಿಂದ ಕಣ್ಣೊರಸಿಕೊಂಡು ಕೈ ಬೀಸಿದವರು. ಅವರೂ ಕಳುಹಿಸಿದರು, ಹಿಂದಕ್ಕೆ ಕರೆಯಲಿಲ್ಲ.

ಓದುವ ಹುಡುಗನಿಗೆ ಮನೆಯಿಂದ ಎರಡು ಬಗೆಯ ಮಾತು ತಲಪಬಹುದು. ಒಂದು, ನೀನು ಗೆಲ್ಲಲೇಬೇಕು, ಇಲ್ಲವಾದರೆ ನಮ್ಮ ಮಾನ ಹೋಯಿತು ಎಂಬುದು. ಇನ್ನೊಂದು, ನೀನು ಓದುವುದು ಒಳ್ಳೆಯ ಕೆಲಸ, ಅದಕ್ಕಾಗಿ ನಾವು ಕಷ್ಟಪಡಲು ಸಿದ್ಧ ಎಂಬುದು. ಮೊದಲನೆಯದು ಹುಡುಗನ ತಲೆಯ ಮೇಲೆ ಕೂರುತ್ತದೆ, ಎರಡನೆಯದು ಬೆನ್ನ ಹಿಂದೆ ನಿಲ್ಲುತ್ತದೆ. ವಿಶ್ವೇಶ್ವರಯ್ಯನವರಿಗೆ ಮನೆಯಿಂದ ಬಂದದ್ದು ಎರಡನೆಯ ಬಗೆಯದೆಂದು ಅವರ ನಡತೆಯಿಂದಲೇ ತಿಳಿಯುತ್ತದೆ. ಸೋಲಿಗೆ ಹೆದರಿದವನು ಗೊತ್ತಿರುವ ದಾರಿಯನ್ನು ಬಿಟ್ಟು ಹೋಗುವುದಿಲ್ಲ; ಅವರು ಮತ್ತೆ ಮತ್ತೆ ಗೊತ್ತಿಲ್ಲದ ದಾರಿಗೇ ಕಾಲಿಟ್ಟರು.

1881ರ ವೇಳೆಗೆ ಅವರು ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವಿ ಪಡೆದರು. ಕಾಲೇಜಿನ ಪ್ರಿನ್ಸಿಪಾಲರಾದ ಚಾರ್ಲ್ಸ್ ವಾಟರ್ಸ್ ಅವರಿಗೆ ಈ ಶಿಷ್ಯನ ಮೇಲೆ ಬಹಳ ಅಕ್ಕರೆ. ಅದೇ ವರ್ಷ ಮೈಸೂರು ಸಂಸ್ಥಾನ ಬ್ರಿಟಿಷರ ಕೈಯಿಂದ ಮತ್ತೆ ಒಡೆಯರ ಕೈಗೆ ಬಂದು ರಂಗಾಚಾರ್ಲು ದಿವಾನರಾಗಿದ್ದರು. ಬಿ.ಎ. ಆದವನಿಗೆ ಸಂಸ್ಥಾನದಲ್ಲಿ ಒಂದು ಕುರ್ಚಿ ಸಿಗುವುದು ಆಗ ಕಷ್ಟವಾಗಿರಲಿಲ್ಲ. ತಾಯಿಗೆ ನೆರವಾಗುವ ಹೊತ್ತು ಬಂತೆಂದು ಯಾರಾದರೂ ಹೇಳಬಹುದಾಗಿತ್ತು. ಅದರ ಬದಲು ಹುಡುಗ ಮೈಸೂರು ಸರಕಾರದ ವಿದ್ಯಾರ್ಥಿವೇತನ ಪಡೆದು ಇಂಜಿನಿಯರಿಂಗ್ ಕಲಿಯಲು ಪುಣೆಯ ಕಾಲೇಜ್ ಆಫ್ ಸೈನ್ಸಿಗೆ ಹೊರಟ. ಬೆಂಗಳೂರು ದೂರವೆಂದುಕೊಂಡ ತಾಯಿಗೆ ಪುಣೆ ಇನ್ನೂ ದೂರ. ಅಲ್ಲಿಯ ಭಾಷೆಯೂ ಬೇರೆ. ಎರಡನೆಯ ಸಲವೂ ಮನೆ ಅವನನ್ನು ತಡೆಯಲಿಲ್ಲ.

ಇಲ್ಲಿಂದ ಮುಂದೆ ಅವರ ಕಥೆ ನಮ್ಮ ಈ ಸೀಮೆಯ ಕಥೆಯೂ ಹೌದು. 1883ರಲ್ಲಿ ಮುಂಬಯಿ ಇಲಾಖೆಯ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಅವರು ಮೊದಲಿಗರಾಗಿ ತೇರ್ಗಡೆಯಾದರು. ಅದಕ್ಕಾಗಿ ಅವರಿಗೆ ದೊರೆತ ಬಹುಮಾನ ಜೇಮ್ಸ್ ಬರ್ಕ್ಲಿಯವರ ಹೆಸರಿನದು. ಈ ಬರ್ಕ್ಲಿ ಯಾರೆಂದು ನಮ್ಮ ಮಕ್ಕಳಿಗೆ ಹೇಳಿದರೆ ಅವರು ಕಣ್ಣರಳಿಸಿಯಾರು. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಬಂದದ್ದು, ಮರುವರ್ಷ ಹಳಿ ಕಲ್ಯಾಣದ ವರೆಗೆ ಮುಂದುವರಿದದ್ದು, ಅಲ್ಲಿಂದ ಕವಲೊಡೆದು ಒಂದು ಭೋರ್ ಘಾಟವನ್ನೂ ಇನ್ನೊಂದು ಥಳ್ ಘಾಟವನ್ನೂ ಹತ್ತಿದ್ದು, ಇವೆಲ್ಲಕ್ಕೂ ಮುಖ್ಯ ಇಂಜಿನಿಯರಾಗಿದ್ದವರು ಅವರೇ. ದಿನವೂ ನಾವು ನೇತಾಡಿಕೊಂಡು ಹೋಗುವ ಈ ಹಳಿಯನ್ನು ಹಾಕಿಸಿದವರ ಹೆಸರಿನ ಬಹುಮಾನ ಮುದ್ದೇನಹಳ್ಳಿಯ ವಿಧವೆಯ ಮಗನಿಗೆ ಬಂದಿತು. ಕಲ್ಯಾಣ ಜಂಕ್ಷನ್ನಿನಲ್ಲಿ ಮಕ್ಕಳೊಡನೆ ಗಾಡಿ ಕಾಯುವಾಗ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ನಮಗೆ ಗೊತ್ತಿಲ್ಲ.

1884ರಲ್ಲಿ ಅವರು ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರಾಗಿ ನಾಸಿಕದಲ್ಲಿ ಕೆಲಸಕ್ಕೆ ಸೇರಿದರು. ಮೊದಲ ದಿನಗಳಲ್ಲೇ ಒಂದು ಪರೀಕ್ಷೆ ಕಾದಿತ್ತು. ಖಾನದೇಶದಲ್ಲಿ ಹಳ್ಳವೊಂದನ್ನು ದಾಟಿಸಿ ನೀರು ಒಯ್ಯುವ ಕೊಳವೆಯ ಕೆಲಸ ಅವರ ಪಾಲಿಗೆ ಬಂದಿತು. ಮಳೆಗಾಲ ಹಿಡಿದು, ತೋಡಿದ್ದೆಲ್ಲ ಮರಳು ತುಂಬಿ, ಕೆಲಸ ಕೆಟ್ಟಿತು. ಮಳೆ ನಿಂತ ಮೇಲೆ ಮುಂದುವರಿಸೋಣವೆಂದು ಅವರು ಮೇಲಿನವರಿಗೆ ಬರೆದರು. ಹೊಸಬನಾದ ಇವನು ಆಜ್ಞೆಗೆ ಹಿಂಜರಿಯುತ್ತಿದ್ದಾನೆಂದು ಮೇಲಿನವರು ಮುನಿದರು. ವಾದ ಬೆಳೆಸದೆ ಯುವಕ ಮತ್ತೆ ಕೆಲಸಕ್ಕೆ ಇಳಿದ, ಕೊಳವೆಯನ್ನು ಮುಗಿಸಿಯೇ ಬಿಟ್ಟ, ಮುನಿದವರೇ ಮೆಚ್ಚಿದರು. ಬೆಂಗಳೂರಿನಲ್ಲಿ ಊಟಕ್ಕೊಂದು ಮನೆ ಪಾಠಕ್ಕೊಂದು ಮನೆ ಎಂದು ವರ್ಷಗಟ್ಟಲೆ ನಡೆದ ಕಾಲಿಗೆ ಈ ಕೆಸರು ಹೊಸದಾಗಿರಲಿಲ್ಲ. ಪಟ್ಟು ಎಂಬುದು ಒಂದು ದಿನ ಹುಟ್ಟುವ ಗುಣವಲ್ಲ. ಎಳೆಯ ದಿನಗಳ ಚಿಕ್ಕ ಚಿಕ್ಕ ಕಷ್ಟಗಳನ್ನು ತಾನೇ ದಾಟಿದವನಿಗೆ ದೊಡ್ಡದು ಬಂದಾಗ ದಾಟುವ ಅಭ್ಯಾಸವಾಗಿರುತ್ತದೆ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇವೆ. ಸಿಂಧದ ಸಕ್ಕರ್ ಊರಿಗೆ ಕುಡಿಯುವ ನೀರು, ಸೂರತ್ತಿನ ಕೆಲಸ, ಪುಣೆಯಲ್ಲಿ ನೀರಾವರಿ, ನಮ್ಮ ಧಾರವಾಡ ವಿಜಾಪುರಗಳ ನೀರಿನ ಯೋಜನೆ ಹೀಗೆ ಸುಮಾರು 24 ವರ್ಷ ಅವರು ಮುಂಬಯಿ ಇಲಾಖೆಗೆ ದುಡಿದರು. ಪುಣೆಯ ಬಳಿಯ ಖಡಕವಾಸಲಾ ಕಟ್ಟೆಗೆ 1903ರ ಸುಮಾರಿಗೆ ಅವರು ಕೂರಿಸಿದ ಬಾಗಿಲುಗಳು ನೀರು ಏರಿದಾಗ ತಾವೇ ತೆರೆದು, ಇಳಿದಾಗ ತಾವೇ ಮುಚ್ಚಿಕೊಳ್ಳುವಂಥವು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ಹಿಡಿದಿಡುವ ಉಪಾಯವದು. 1908ರಲ್ಲಿ ಅವರು ಆ ಸೇವೆಯನ್ನು ಬಿಟ್ಟರು. ಮೂಸಿ ನದಿಯ ಮಹಾಪೂರದಿಂದ ನೊಂದಿದ್ದ ಹೈದರಾಬಾದಿಗೆ ನೆರವಾದರು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾದರು, 1912ರಲ್ಲಿ ದಿವಾನರಾದರು. ಆ ಪದವಿಯನ್ನು ಒಪ್ಪುವ ಮೊದಲು ಬಂಧುಗಳನ್ನೆಲ್ಲ ಕರೆದು, ಯಾರೂ ತಮ್ಮಿಂದ ಯಾವ ಉಪಕಾರವನ್ನೂ ಕೇಳಬಾರದೆಂಬ ವಚನ ತೆಗೆದುಕೊಂಡರೆಂಬ ಮಾತು ನಮ್ಮ ಜನರಲ್ಲಿ ಪ್ರಚಾರದಲ್ಲಿದೆ. ಮಗ ದೊಡ್ಡವನಾದ ಮೇಲೆ ಅವನಿಂದ ಏನು ಸಿಕ್ಕೀತೆಂದು ಲೆಕ್ಕ ಹಾಕುವ ಮನೆಗಳಿಗೆ ಈ ಮಾತು ಸ್ವಲ್ಪ ಕಹಿಯಾಗಿ ಕಂಡೀತು. ಆದರೆ ಓದಿಸುವುದು ಸಾಲ ಕೊಟ್ಟಂತಲ್ಲ. ಸಾಲದ ವ್ಯವಹಾರದಲ್ಲೇ ಹಗಲು ಕಳೆಯುವ ಬ್ಯಾಂಕಿನ ಗುಮಾಸ್ತರಾದ ನಾವು ಇದನ್ನು ಧೈರ್ಯವಾಗಿ ಹೇಳುತ್ತೇವೆ.

ದಿವಾನರಾಗಿ ಅವರು ಮಾಡಿದ್ದರಲ್ಲಿ ನಮ್ಮ ವಿಷಯಕ್ಕೆ ಬೇಕಾದದ್ದು ಶಾಲೆಗಳ ಸಂಗತಿ. 1898ರಲ್ಲಿ ಜಪಾನನ್ನು ನೋಡಿ ಬಂದಾಗ ಅವರ ಮನಸ್ಸನ್ನು ಹಿಡಿದದ್ದು ಆ ದೇಶದ ಕಾರ್ಖಾನೆಗಳಷ್ಟೇ ಅಲ್ಲ, ಮಕ್ಕಳೆಲ್ಲರೂ ಶಾಲೆಗೆ ಹೋಗುವ ಏರ್ಪಾಡು. 1913ರಲ್ಲಿ ಮೈಸೂರಿನಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನ ಬಂದಿತು. ಆಯ್ದ ಸ್ಥಳಗಳಲ್ಲಿ 7ರಿಂದ 11 ವರ್ಷದ ಹುಡುಗರು ಶಾಲೆಗೆ ಬರಲೇಬೇಕೆಂದು ಅದು ವಿಧಿಸಿತು. ಅವರು ದಿವಾನರಾದಾಗ ಸಂಸ್ಥಾನದಲ್ಲಿ ಸುಮಾರು 4,500 ಶಾಲೆಗಳಿದ್ದವು. ಆರು ವರ್ಷಗಳಲ್ಲಿ ಅವುಗಳ ಜೊತೆಗೆ ಇನ್ನೂ ಸುಮಾರು 6,500 ಸೇರಿದವು. ಓದುವ ಮಕ್ಕಳ ಸಂಖ್ಯೆ ಸುಮಾರು 1,40,000ದಿಂದ 3,66,000ಕ್ಕೆ ಏರಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಬಂದವು. ಇಂಜಿನಿಯರಿಂಗ್ ಕಲಿಯಲು ಕನ್ನಡದ ಹುಡುಗ ಪುಣೆಗೇ ಹೋಗಬೇಕಾದ ಕಾಲ ಅಲ್ಲಿಗೆ ಮುಗಿಯಿತು.

ಶಾಸನ ಮಾಡಿದೊಡನೆ ಮಕ್ಕಳು ಶಾಲೆಗೆ ಬರುವುದಿಲ್ಲ. ದನ ಕಾಯುವ ಹುಡುಗ ಶಾಲೆಗೆ ಹೋದರೆ ದನ ಕಾಯುವವರಾರು ಎಂಬ ಪ್ರಶ್ನೆ ಬಡವನದು. ಅದಕ್ಕೆ ಉತ್ತರ ಹೇಳದೆ ಅವನನ್ನು ಅಜ್ಞಾನಿ ಎಂದು ಬಯ್ಯುವುದು ಸುಲಭ. ಕಟ್ಟೆ ಕಟ್ಟಿ ಹೊಲಕ್ಕೆ ನೀರು, ಊರಿಗೆ ಉದ್ಯಮ, 1913ರಲ್ಲಿ ಮೈಸೂರು ಬ್ಯಾಂಕು ಎಂದು ಅವರು ಹಾಕಿದ ಯೋಜನೆಗಳನ್ನೆಲ್ಲ ಒಟ್ಟಿಗೆ ನೋಡಿದರೆ, ಶಾಲೆಯನ್ನೂ ಹೊಟ್ಟೆಯನ್ನೂ ಅವರು ಬೇರೆ ಬೇರೆಯಾಗಿ ಕಾಣಲಿಲ್ಲವೆಂಬುದು ತಿಳಿಯುತ್ತದೆ. ಆ ಬ್ಯಾಂಕು 2017ರಲ್ಲಿ ದೊಡ್ಡ ಬ್ಯಾಂಕಿನೊಳಗೆ ಸೇರಿಹೋಯಿತು. ಆದರೆ ಅದರ ಹಳೆಯ ಪಾಸ್‌ಬುಕ್ಕನ್ನು ಜೋಪಾನವಾಗಿ ಇಟ್ಟುಕೊಂಡ ಹಿರಿಯರು ನಮ್ಮ ನಡುವೆಯೂ ಇದ್ದಾರೆ.

ಇಲ್ಲಿ ಒಂದು ಮಾತನ್ನು ಮರೆಮಾಡದೆ ಹೇಳಬೇಕು. ವಿಶ್ವೇಶ್ವರಯ್ಯನವರ ಮನೆಯಲ್ಲಿ ಹಣವಿರಲಿಲ್ಲ, ಆದರೆ ವಿದ್ಯೆಯಿತ್ತು ಎಂದೆವು. ತಂದೆ ಪಂಡಿತ, ಪಟ್ಟಣದಲ್ಲಿ ಮಾವ, ಶಾಲೆಯಲ್ಲಿ ತನ್ನವರೇ ಎನ್ನಬಹುದಾದ ಮೇಷ್ಟರುಗಳು. ಆ ಕಾಲದಲ್ಲಿ ಮೈಸೂರಿನ ಬಹುಪಾಲು ಮನೆಗಳಿಗೆ ಇದು ಯಾವುದೂ ಇರಲಿಲ್ಲ. ಅಲ್ಲಿಯ ತಾಯಿಗೂ ಮಗನ ಮೇಲೆ ಅಷ್ಟೇ ಅಕ್ಕರೆ ಇತ್ತು. ಕಳುಹಿಸಲು ಬೆಂಗಳೂರಿನಲ್ಲಿ ಅಣ್ಣ ತಮ್ಮ ಇರಲಿಲ್ಲ. ಹಿಂದುಳಿದ ಜನರಿಗೆ ಸರಕಾರಿ ಹುದ್ದೆಗಳಲ್ಲಿ ಸ್ಥಾನ ಕಾದಿಡಬೇಕೆಂಬ ಬೇಡಿಕೆ ಎದ್ದಾಗ ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಯೋಗ್ಯತೆಯೊಂದನ್ನೇ ನೋಡಬೇಕೆಂದು ನಂಬಿದ್ದ ದಿವಾನರಿಗೆ ಅದು ಒಪ್ಪಿಗೆಯಾಗದೆ ಅದೇ ವರ್ಷದ ಕೊನೆಯಲ್ಲಿ ಅಧಿಕಾರ ಬಿಟ್ಟರು. ಅವರ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಲಾರರು. ಆದರೂ ಮಹಾರಾಜರ ಕಡೆಯಲ್ಲಿ ದೊಡ್ಡ ನ್ಯಾಯವಿತ್ತೆಂದು ಇಂದು ನಾವು ಕಾಣಬಲ್ಲೆವು. ಮಗುವಿನ ಪಟ್ಟಿಗೆ ಮನೆಯ ಆಸರೆ ಎಷ್ಟು ಬೇಕೋ, ಆಸರೆಯಿಲ್ಲದ ಮನೆಗೆ ಸಮಾಜದ ಆಸರೆ ಅಷ್ಟೇ ಬೇಕು.

ಈ ಮಾತಿಗೆ ಮುಂಬಯಿಯ ಕನ್ನಡಿಗರೇ ಸಾಕ್ಷಿ. ಕರಾವಳಿಯಿಂದ ಹತ್ತು ಹನ್ನೆರಡರ ವಯಸ್ಸಿನಲ್ಲಿ ಬಂದು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರಿಗಾಗಿ ಇಲ್ಲಿಯ ಹಿರಿಯರು ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದರು. ಆ ಹುಡುಗರ ತಂದೆ ತಾಯಿಗಳು ಇದ್ದದ್ದು ಊರಿನಲ್ಲಿ. ಇಲ್ಲಿ ಅವರನ್ನು ಸಂಜೆ ಹೊತ್ತಿಗೆ ಕೆಲಸದಿಂದ ಬಿಟ್ಟು ಶಾಲೆಗೆ ಹೋಗು ಎಂದ ಯಜಮಾನನೇ ಅವರ ಪಾಲಿನ ರಾಮಯ್ಯ. ಹಾಗೆ ಬಿಡದ ಯಜಮಾನರೂ ಇದ್ದರು. ಬಿಟ್ಟವರ ಹುಡುಗರು ಮೆಟ್ರಿಕ್ ಮುಗಿಸಿ ಗುಮಾಸ್ತರಾದರು, ವಕೀಲರಾದರು, ತಾವೇ ಹೋಟೆಲಿನ ಒಡೆಯರಾದರು. ನಮ್ಮ ಸಂಘದ ಹಿರಿಯ ಸದಸ್ಯರಲ್ಲಿ ಅಂಥವರಿಗೆ ಬರವಿಲ್ಲ. ಒಬ್ಬ ಮಗುವನ್ನು ಓದಿಸುವುದಕ್ಕೆ ಒಂದು ಮನೆ ಸಾಲದು. ಒಬ್ಬ ಸೋದರಮಾವನಾದರೂ ಬೇಕು. ಕನ್ನಡ ಸಂಘವೆಂದರೆ ಪರ ಊರಿನಲ್ಲಿ ನಮ್ಮ ಮಕ್ಕಳಿಗಿರುವ ಸೋದರಮಾವನ ಮನೆ ಎಂದು ನಾವು ತಿಳಿದಿದ್ದೇವೆ.

ಇನ್ನು ನಮ್ಮ ಮನೆಗಳ ಕಡೆಗೆ ತಿರುಗೋಣ. ನಮ್ಮ ಕಷ್ಟ ಆ ತಾಯಿಯ ಕಷ್ಟದಂಥದಲ್ಲ. ಎರಡು ಕೋಣೆಯ ಮನೆಯ ಸಾಲದ ಕಂತು ಇರಬಹುದು, ಹೋಗಿ ಬರಲು ದಿನಕ್ಕೆ ಮೂರು ಗಂಟೆ ರೈಲಿನಲ್ಲಿ ಕಳೆಯಬಹುದು. ಆದರೆ ಮಗುವಿಗೆ ಪುಸ್ತಕವಿದೆ, ದೀಪವಿದೆ, ಟ್ಯೂಷನ್ ಕ್ಲಾಸು ಬೀದಿಗೆ ನಾಲ್ಕಿವೆ. ಎಲ್ಲವನ್ನೂ ಕೊಟ್ಟರೂ ಮಗುವಿಗೆ ಓದಿನಲ್ಲಿ ಮನಸ್ಸಿಲ್ಲ, ಒಂದು ಲೆಕ್ಕ ಬರದಿದ್ದರೆ ಪುಸ್ತಕ ಮುಚ್ಚಿಬಿಡುತ್ತಾನೆ ಎಂಬ ದೂರು ನಾವು ಎಲ್ಲ ಮನೆಗಳಲ್ಲೂ ಕೇಳುತ್ತೇವೆ. ಕೌಂಟರಿನ ಈಚೆ ಕುಳಿತ ನಮ್ಮ ಕಣ್ಣಿಗೆ ಇನ್ನೊಂದು ಸಂಗತಿಯೂ ಬೀಳುತ್ತದೆ. ಶಿಕ್ಷಣ ಸಾಲಕ್ಕೆ ತಂದೆ ಮಗ ಇಬ್ಬರೂ ಬರುತ್ತಾರೆ. ಯಾವ ಓದು, ಯಾಕೆ ಎಂದು ಹುಡುಗನನ್ನು ಕೇಳಿದರೆ ಉತ್ತರ ಹೇಳುವವನು ತಂದೆ. ಹುಡುಗ ಫಾರಮ್ಮಿನ ಮೇಲೆ ರುಜು ಹಾಕುತ್ತಾನೆ. ಓದು ಅವನದು, ಸಾಲ ಅವನ ಹೆಸರಿನಲ್ಲಿ, ಆಸೆ ಮಾತ್ರ ತಂದೆಯದು. ತನ್ನದಲ್ಲದ ಆಸೆಯನ್ನು ಹೊತ್ತು ಎಷ್ಟು ದೂರ ನಡೆಯಬಹುದು?

ಅಂಕಪಟ್ಟಿ ಬಂದ ದಿನ ನಮ್ಮ ಮನೆಗಳಲ್ಲಿ ನಡೆಯುವ ಮಾತನ್ನೂ ತೂಗಿ ನೋಡಬೇಕು. ತೊಂಬತ್ತು ಬಂದರೆ ಉಳಿದ ಹತ್ತು ಎಲ್ಲಿ ಹೋಯಿತೆನ್ನುತ್ತೇವೆ. ಪಕ್ಕದ ಬ್ಲಾಕಿನ ಹುಡುಗಿಗೆ ಎಷ್ಟು ಬಂತೆಂದು ವಿಚಾರಿಸುತ್ತೇವೆ. ಹೊಗಳುವುದಾದರೂ ಮಗು ಜಾಣ ಎಂದು ಹೊಗಳುತ್ತೇವೆ. 1998ರಲ್ಲಿ ಅಮೆರಿಕದ ಮುಲ್ಲರ್ ಮತ್ತು ಡ್ವೆಕ್ ಎಂಬ ಇಬ್ಬರು ವಿದ್ವಾಂಸೆಯರು ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಕೇಳತಕ್ಕದ್ದು. ಐದನೆಯ ತರಗತಿಯ ಮಕ್ಕಳಿಗೆ ಸುಲಭವಾದ ಸಮಸ್ಯೆಗಳನ್ನು ಕೊಟ್ಟು, ಕೆಲವರನ್ನು ಜಾಣರೆಂದೂ ಕೆಲವರನ್ನು ಚೆನ್ನಾಗಿ ಪ್ರಯತ್ನಿಸಿದಿರೆಂದೂ ಹೊಗಳಿದರು. ಬಳಿಕ ಕಷ್ಟದ ಸಮಸ್ಯೆ ಕೊಟ್ಟಾಗ ಜಾಣರೆನ್ನಿಸಿಕೊಂಡವರು ಬೇಗ ಉತ್ಸಾಹ ಕಳೆದುಕೊಂಡರು. ಪ್ರಯತ್ನಕ್ಕೆ ಹೊಗಳಿಸಿಕೊಂಡವರು ಇನ್ನಷ್ಟು ಹೊತ್ತು ಅದಕ್ಕೆ ಅಂಟಿಕೊಳ್ಳಲು ಬಯಸಿದರು. ಜಾಣನೆಂಬ ಬಿರುದು ಹೊತ್ತವನಿಗೆ ಸೋಲೆಂದರೆ ಬಿರುದು ಹೋಗುವ ಭಯ. ದುಡಿಯುವವನೆಂಬ ಹೆಸರಿದ್ದವನಿಗೆ ಸೋಲೆಂದರೆ ಇನ್ನೂ ದುಡಿಯಬೇಕೆಂಬ ಸೂಚನೆ ಮಾತ್ರ. ಖಾನದೇಶದ ಮಳೆಯಲ್ಲಿ ನಿಂತ ಯುವಕ ಈ ಎರಡನೆಯ ಜಾತಿಯವನು.

ಹಾಗೆಂದು ಪ್ರತಿಯೊಂದು ಮನೆಯಲ್ಲೂ ಒಬ್ಬ ವಿಶ್ವೇಶ್ವರಯ್ಯ ಹುಟ್ಟಬೇಕೆಂದು ನಾವು ಹೇಳುವುದಿಲ್ಲ. ಹಾಗೆ ಬಯಸಿ ಮಕ್ಕಳನ್ನು ಹಿಂಸಿಸುವುದಕ್ಕೆ ಅವರ ಹೆಸರನ್ನು ಬಳಸುವುದು ಅವರಿಗೂ ಅನ್ಯಾಯ, ಮಕ್ಕಳಿಗೂ ಅನ್ಯಾಯ. ಅವರೇ ವಿದ್ಯೆಯೆಂದರೆ ಪದವಿ ಮಾತ್ರವೆಂದು ತಿಳಿದವರಲ್ಲ. 1921–22ರಲ್ಲಿ ಮುಂಬಯಿ ಸರಕಾರ ಕೈಗಾರಿಕಾ ಶಿಕ್ಷಣದ ಸಮಿತಿ ಮಾಡಿದಾಗ ಅದರ ಅಧ್ಯಕ್ಷತೆ ವಹಿಸಿದವರು ಅವರು. ತಮಗೆ ಸಲ್ಲಬೇಕಾದ ಹಣವನ್ನು ಬಿಟ್ಟುಕೊಟ್ಟು ಬೆಂಗಳೂರಿನಲ್ಲಿ 1943ರಲ್ಲಿ ಹುಡುಗರಿಗೆ ಕೈಕಸುಬು ಕಲಿಸುವ ಸಂಸ್ಥೆಯೊಂದನ್ನು ತೆರೆಸಿದರು. ಅದಕ್ಕೆ ತಮ್ಮ ಹೆಸರನ್ನು ಇಡಿಸದೆ ಮಹಾರಾಜ ಜಯಚಾಮರಾಜೇಂದ್ರರ ಹೆಸರನ್ನು ಇಡಿಸಿದರು. ಕೈ ಬಲ್ಲವನೂ ಅವರ ಕಣ್ಣಿಗೆ ವಿದ್ಯಾವಂತನೇ. ಮಗ ಡಾಕ್ಟರನೋ ಇಂಜಿನಿಯರನೋ ಆಗದಿದ್ದರೆ ಸಂಘದ ಸಮಾರಂಭಕ್ಕೆ ಮುಖ ತೋರಿಸಲು ನಾಚುವ ತಂದೆಗಳು ಈ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಕಲಿಯುವುದನ್ನು ಅವರು ಕೊನೆಯವರೆಗೂ ನಿಲ್ಲಿಸಲಿಲ್ಲ. 1951ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ತಮ್ಮ ಕೆಲಸದ ನೆನಪುಗಳನ್ನು ಪುಸ್ತಕವಾಗಿ ಬರೆದರು. ಅದರ ಮರುವರ್ಷ ಬಿಹಾರದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ನೋಡಲು ಸ್ವತಃ ಹೋಗಿ ಬಂದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಅವರಿಗೆ ಸಂದಿತು. 1962ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಾಲವಶರಾದರು. ಮುದ್ದೇನಹಳ್ಳಿಯಲ್ಲಿ, ತಾವು ಹುಟ್ಟಿದ ಮಣ್ಣಿನಲ್ಲೇ, ಅವರ ಸಮಾಧಿಯಿದೆ. ಊರಿಗೆ ಹೋದಾಗ ಮಕ್ಕಳಿಗೆ ಮಾಲುಗಳನ್ನು ತೋರಿಸುವ ನಾವು ಒಮ್ಮೆ ಅಲ್ಲಿಗೂ ಕರೆದೊಯ್ದರೆ ಚೆನ್ನು. ಅಲ್ಲಿಗೆ ಹೋದಾಗ ಅವರು ಕಟ್ಟಿದ್ದನ್ನೆಲ್ಲ ಪಟ್ಟಿ ಮಾಡಿ ಹೇಳಬೇಕಾದ ಅಗತ್ಯವಿಲ್ಲ. ಅವರನ್ನು ಕಟ್ಟಿದ ತಾಯಿಯನ್ನೂ ಸೋದರಮಾವನನ್ನೂ ನೆನೆದರೆ ಸಾಕು.

ಮಕ್ಕಳ ಓದಿಗೆ ನಾವು ಕೊಡಬಹುದಾದದ್ದರಲ್ಲಿ ಹಣ ಒಂದು ಭಾಗ. ಅದನ್ನು ಹೇಗೋ ಹೊಂದಿಸುತ್ತೇವೆ. ಉಳಿದ ಭಾಗಕ್ಕೆ ಖರ್ಚಿಲ್ಲ. ಓದು ಒಳ್ಳೆಯದೆಂಬ ನಂಬಿಕೆ ಮನೆಯಲ್ಲಿ ಕಾಣಬೇಕು. ಮಗು ಎಡವಿದಾಗ ನಮ್ಮ ಮುಖ ಕಪ್ಪಿಡಬಾರದು. ಅವನ ಕಷ್ಟವನ್ನು ಸ್ವಲ್ಪಮಟ್ಟಿಗೆ ಅವನಿಗೇ ಬಿಡುವ ಧೈರ್ಯ ನಮಗೆ ಬರಬೇಕು. ನೆರೆಮನೆಯ ಮಗುವಿಗೆ ಆಸರೆ ಬೇಕಾದಾಗ ನಮ್ಮ ಬಾಗಿಲು ತೆರೆದಿರಬೇಕು. ಕನ್ನಡಮ್ಮನ ಹೆಸರಿನಲ್ಲಿ ದೀಪ ಹಚ್ಚುವ ಈ ರಾಜ್ಯೋತ್ಸವದ ದಿನ ನಮ್ಮ ಮನೆಮನೆಗಳ ಓದುವ ಮಕ್ಕಳೆಲ್ಲರಿಗೂ ಅಂಥ ತಾಯಿಯ ಮನಸ್ಸೂ ಅಂಥ ಸೋದರಮಾವನ ಮನೆಯೂ ಒದಗಲೆಂದು ಹಾರೈಸುತ್ತೇವೆ.